ಎಷ್ಟು ಪಟ್ಟಿನಲ್ಲಿ ಏನೂ ಇಲ್ಲ?

ಏನೂ ಇಲ್ಲ ಅಂದೆಯಲ್ಲ, ರ್ಯೋಸೆ,
ಎಷ್ಟು ಪಟ್ಟಿನಲ್ಲಿ ಏನೂ ಇಲ್ಲ?

ಕೂತುಕೋ. ಸ್ಟೂಲಿನ ಒಂದು ಕಾಲು ಗಿಡ್ಡ, ಹುಷಾರು.
ಈ ಸೂಕ್ಷ್ಮದರ್ಶಕ ಕೆಳಗಿನ ಕಣಿವೆಯ ಶಾಲೆಯದು.
ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ
ಎರಡು ಮೂಟೆ ಅಕ್ಕಿ ಕೊಟ್ಟು ತಂದೆವು.
ಬುಡದಲ್ಲಿ ಇನ್ನೂ ಚೀಟಿ ಇದೆ: ವಿಜ್ಞಾನ ಕೋಣೆ, ಏಳು.
ಯಾವನೋ ಹುಡುಗ ಮೊಳೆಯಲ್ಲಿ ಕಪ್ಪೆ ಗೀಚಿದ್ದಾನೆ.

ನಿಗಾಟದ ಈ ಗುಡ್ಡಗಳಲ್ಲಿ ಹಿಮ ಕರಗುವ ವಾರ
ಕೊಯ್ ಮೀನುಗಳಿಗೆ ಒಳ್ಳೆಯದಲ್ಲ.
ನೀರು ಒಂಬತ್ತು ಡಿಗ್ರಿ; ಮೀನಿನ ಮೈ ಇನ್ನೂ ನಿದ್ದೆಯಲ್ಲಿ,
ಮೈಮೇಲೆ ಕೂತವರಿಗೆ ಮಾತ್ರ ಆಗಲೇ ಬೆಳಗಾಗಿದೆ.
ಕೊಳವೆಯ ನೀರು ಬೀಳುವಲ್ಲಿ ಮೂರು ಮೀನು
ರೆಕ್ಕೆ ಮಡಚಿ ನಿಂತಿವೆ ಅಂತ ನೀನೇ ಬಂದು ಹೇಳಿದೆ.
ಒಳ್ಳೆಯ ಕಣ್ಣು. ಅದಕ್ಕೆ ಅವಸರ ಕಲಿಸಬೇಡ.

ಮೊದಲು ನಲವತ್ತು.
ಚಿಕ್ಕ ಮಸೂರ, ದೊಡ್ಡ ಅಂಗಳ.
ಬೆಳಕಿನ ಕಿಂಡಿ ಕಿರಿದು ಮಾಡು; ಬೆಳಕು ಜಾಸ್ತಿಯಾದರೆ
ಗಾಜಿನಂಥ ಜೀವಗಳು ಗಾಜೇ ಆಗಿಬಿಡುತ್ತವೆ.
ಈ ಅಂಚಿಂದ ಆ ಅಂಚಿಗೆ
ಗದ್ದೆ ಉಳುವ ಹಾಗೆ ಹೋಗು, ಸಾಲು ತಪ್ಪದೆ,
ತಿರುಗಿ ಬಾ.
ಜಿಗಣೆಯಂತೆ ಚಾಚಿ, ಮುದುಡಿ, ಮತ್ತೆ ಚಾಚುವುದು ಸಿಕ್ಕರೆ
ಅದು ಚಪ್ಪಟೆಹುಳ. ಎಲ್ಲಿಗೂ ಓಡುವುದಿಲ್ಲ, ನಿಧಾನವಾಗಿ ನೋಡು.

ಆಮೇಲೆ ನೂರು.
ಆ ಹುಳದ ಹೊಟ್ಟೆಯಲ್ಲಿ ಮಗಳು, ಕೊಕ್ಕೆ ಸಮೇತ;
ಮಗಳ ಹೊಟ್ಟೆಯಲ್ಲಿ ಮೊಮ್ಮಗಳ ನೆರಳು.
ಮೊದಲ ಸಲ ಕಂಡಾಗ ನಾನೂ ಬಸುರಿ.
ನಮ್ಮವರನ್ನು ಕೂಗಿ ಕರೆದು ತೋರಿಸಿದೆ.
ಬಹಳ ಹೊತ್ತು ನೋಡಿ, ‘ಉಪ್ಪು ಎಷ್ಟು ಹಾಕಲಿ?’ ಅಂದರು.

ನಾನೂ ನಿನ್ನ ಹಾಗೆ ಸೀದಾ ನಾನೂರಕ್ಕೆ ಹಾರಿದವಳು.
ದೊಡ್ಡದಾದಷ್ಟೂ ಹೆಚ್ಚು ಕಾಣುತ್ತದೆ ಅಂದುಕೊಂಡಿದ್ದೆ.
ಇಡೀ ಮಧ್ಯಾಹ್ನ ಒಂದು ಕಪ್ಪು ನಕ್ಷತ್ರ ನೋಡಿದೆ,
ಏನೋ ಮಹಾ ರೋಗವೆಂದು ಚಿತ್ರ ಬರೆದೆ.
ಅದು ಮೀನಿನದೇ ಬಣ್ಣದ ಕಣ.
ಪಕ್ಕದಲ್ಲೇ ಹುಳ ಹಾದುಹೋಗಿದ್ದಿರಬೇಕು;
ಸೂಜಿಯ ಕಣ್ಣಲ್ಲಿ ಇಣುಕುವವಳಿಗೆ ಗೂಳಿ ಕಂಡೀತೆ?

ಮರುವರ್ಷ ಜಾಣೆಯಾದೆ.
ನಲವತ್ತು ನೋಡಿದೆ, ನೂರು ನೋಡಿದೆ, ಶುದ್ಧ ಅಂದೆ.
ಸ್ನಾನದ ನೀರು ಕಾಯಿಸಲು ಹೊತ್ತಾಗಿತ್ತು.
ಬೆಳಿಗ್ಗೆ ಅರವತ್ತೊಂದು ಮೀನು ಮಗ್ಗುಲಾಗಿದ್ದವು,
ಮೈಮೇಲೆ ಹೊಗೆ ಕೂತಂಥ ಬೂದು.
ಬಿಳಿ ಮೈಗೆ ಕೆಂಪು ಹೊದ್ದ ಆ ತಾಯಿಮೀನೂ,
ಹನ್ನೊಂದು ವರ್ಷ ನನ್ನ ಬೆರಳು ಚೀಪಿದ್ದು.
ಆಗ ನಾನೂರಕ್ಕೆ ತಿರುಗಿಸಿದೆ:
ಅಲ್ಪವಿರಾಮಗಳು.
ಪುಟದ ತುಂಬ ಬರೀ ಅಲ್ಪವಿರಾಮ, ಮಿಣಮಿಣ,
ಒಂದೂ ವಾಕ್ಯವಿಲ್ಲ.
ನನ್ನನ್ನು ಯಾರೂ ಬೈಯಲಿಲ್ಲ.
ಹಿತ್ತಲಲ್ಲಿ ಗುದ್ದಲಿಯ ಸದ್ದು ಮಾತ್ರ, ಊಟದ ಹೊತ್ತು ದಾಟಿದರೂ.

ಅದಕ್ಕೇ ಕೇಳಿದ್ದು, ಎಷ್ಟು ಪಟ್ಟು ಅಂತ.
ಈಗ ನಾನೂರು. ಕತ್ತಲಾಗುತ್ತದೆ, ಕಿಂಡಿ ತುಸು ತೆರೆ.
ದಪ್ಪ ತಿರುಪು ಮುಟ್ಟಬೇಡ, ಸಣ್ಣದು ಮಾತ್ರ;
ಮಸೂರ ಈಗ ಗಾಜಿನ ತುಟಿಯಲ್ಲಿದೆ.
ಕಳೆದ ವರ್ಷದ ಶೂಗೊ ವಾರಕ್ಕೆರಡು ಗಾಜು ಒಡೆದ,
ಈಗ ನಾಗಾವೊಕದಲ್ಲಿ ಟೈರು ಮಾರುತ್ತಾನೆ, ಸುಖವಾಗಿದ್ದಾನೆ.
ಜಾಗ ಬಿಟ್ಟು ಜಾಗ, ಇಪ್ಪತ್ತು ಕಡೆ ನೋಡು. ಎಣಿಸು.
ಹನಿ ಆರುವ ಮೊದಲು ನೋಡು.
ಆರಿದರೆ ಎಲ್ಲ ನಿಂತುಬಿಡುತ್ತವೆ,
ನಿಂತವುಗಳ ಗುರುತು ನನಗೂ ಸಿಗದು.

ಯಾಕೆ ಸುಮ್ಮನಾದೆ?
ಜರುಗು. ನನ್ನ ಕನ್ನಡಕ ಎಲ್ಲಿ? ಬೇಡ, ಇದಕ್ಕೆ ಬೇಡ.

ಹ್ಞಾಂ.

ಉಪ್ಪಿನ ಚೀಲ ಬಾಗಿಲ ಹಿಂದಿದೆ, ಎರಡು ತಾ.
ಅದಕ್ಕೂ ಮೊದಲು ಬೋಗುಣಿಯ ಮೀನನ್ನು ಕೊಳಕ್ಕೆ ಬಿಡು.
ಪಾಪ, ಆಗಿನಿಂದ ಅದು
ನಮ್ಮಿಬ್ಬರನ್ನು ಬರಿಗಣ್ಣಲ್ಲೇ ನೋಡುತ್ತಿದೆ.