ಕ್ರಮಸಂಖ್ಯೆ ಹದಿನಾಲ್ಕು

ನನ್ನ ಅಕ್ಷರ ದುಂಡಗಿದೆಯೆಂದು
ಈ ಶೈತ್ಯಾಗಾರದ ಹಾಜರಿ ಪುಸ್ತಕ
ಹತ್ತೊಂಬತ್ತು ವರ್ಷದಿಂದ ನನ್ನ ಕೈಯಲ್ಲೇ.
ಮೇ ತಿಂಗಳ ಕೊನೆಗೆ ಹೊಸ ಪುಟದಲ್ಲಿ ಬರೆದೆ:
ಹದಿನಾಲ್ಕು. ವನಜಾಕ್ಷಿ ಡಿ. ಆರ್. ಬಿಲ್ಲಿಂಗ್.

ಬರೆಯುವುದನ್ನು ಎದುರಿಗೇ ನಿಂತು ನೋಡಿದಳು.
‘ಡಿ ಅಂದ್ರೆ ದುದ್ದ, ಸಾರ್’ ಎಂದಳು, ಕೇಳದೆಯೇ.
ಸಾಹುಕಾರರು ಫೋನಿನಿಂದ ತಲೆಯೆತ್ತದೆ
‘ಒಂದನೇ ತಾರೀಖು ಬಂದ್ಬಿಡಮ್ಮ’ ಅಂದರು.
ಕಾಗದ ಗೀಗದ ಯಾಕೆ, ಮಾತು ಮಾತೇ.

ಆ ಮಾತು ಹಿಡಿದುಕೊಂಡು ಅವಳು
ಕಟ್ಟಿನಕೆರೆ ಮಾರ್ಕೆಟ್ಟಿನ ಸೀರೆ ಅಂಗಡಿಗೆ
ಆರು ವರ್ಷದ ಗಲ್ಲಾಪೆಟ್ಟಿಗೆಯ ಬೀಗದ ಕೈ ಒಪ್ಪಿಸಿ ಬಂದಳಂತೆ.
ಒಳಗೆ ಥಂಡಿಯೆಂದು ಯಾರೋ ಹೇಳಿದ್ದಕ್ಕೆ
ತುಂಬುತೋಳಿನ ಸ್ವೆಟರು ಕೊಂಡಳಂತೆ.
ಮೇ ತಿಂಗಳಲ್ಲಿ ಸ್ವೆಟರು!
ಅಂಗಡಿಯವನು ಅಟ್ಟದಿಂದಿಳಿಸಿ ಧೂಳು ಕೊಡವಿರಬೇಕು.

ಮೂವತ್ತೊಂದರ ಸಂಜೆ ಸಾಹುಕಾರರ ಭಾವಮೈದುನ ಬಂದ,
ಜೊತೆಗೊಬ್ಬ ಹುಡುಗ, ಬೆರಳಲ್ಲಿ ತಿರುಗುವ ಬೈಕಿನ ಕೀ.
ನನಗೆ ಹೇಳಿದ್ದಿಷ್ಟೆ: ‘ಹದಿನಾಲ್ಕಕ್ಕೆ ವೈಟ್ನರ್ ಹಚ್ಚು.’
ಹಚ್ಚಿದೆ.
ಊದಿ ಒಣಗಿಸಿದೆ ಕೂಡ,
ಮಗುವಿನ ತರಚು ಗಾಯಕ್ಕೆ ಊದಿದ ಹಾಗೆ.

ಒಂದನೇ ತಾರೀಖು ಎಂಟೂಕಾಲಿಗೇ ಬಂದಳು,
ಊಟದ ಡಬ್ಬಿಯ ಮೇಲೆ ಮಡಿಸಿಟ್ಟ ಸ್ವೆಟರು.
‘ಸದ್ಯಕ್ಕೆ ಬೇಡವಂತೆ’ ಎಂದೆ.
ಅಂತೆ!
ಇಷ್ಟು ವರ್ಷ ಆ ಎರಡಕ್ಷರದ ಹಿಂದೆ
ಎಷ್ಟು ಸಲ ಅಡಗಿದ್ದೇನೋ.
ಅವಳು ಜಗಳಕ್ಕೆ ನಿಲ್ಲಲಿಲ್ಲ. ನೀರು ಕೇಳಿದಳು.
ಕುಡಿದ ಲೋಟ ತೊಳೆದಿಟ್ಟು ಹೋದಳು.

ಬಿತ್ತನೆ ಆಲೂಗಡ್ಡೆಗೆ ಒಂದು ಗುಣ:
ಹೊರಗೆ ತೆಗೆದ ಮೇಲೆ ಅದು ಕಾಯುವುದಿಲ್ಲ.
ಲಾರಿ ಬರಲಿ ಬಿಡಲಿ, ಮಳೆ ಹುಯ್ಯಲಿ ಬಿಡಲಿ,
ಗೋಣಿಯ ಕಣ್ಣಿನಿಂದ ಬಿಳಿ ಮೊಳಕೆ ಇಣುಕುತ್ತದೆ.

ಹುಡುಗ ನಾಲ್ಕು ದಿನ ಬಂದ.
ಐದನೇ ದಿನ ಫೋನು ಸ್ವಿಚ್ ಆಫ್;
ಬೇಲೂರು ರಸ್ತೆಯ ಶೋರೂಮಿನಲ್ಲಿ ಸಾವಿರ ಹೆಚ್ಚು ಸಿಕ್ಕಿತಂತೆ.
ಅಂಗಳದಲ್ಲಿ ಟೋಕನ್ ಹಿಡಿದ ಜನ,
ಬಿಲ್ಲು ಹರಿಯಲು ಆಳಿಲ್ಲ.
‘ಮಾತಿಗೆ ಬೆಲೇನೇ ಇಲ್ಲ ಕಣಯ್ಯ ಈಗಿನೋರಿಗೆ’
ಎಂದರು ಸಾಹುಕಾರರು, ನಿಜವಾಗಿ ನೊಂದು.
‘ಆ ಹೆಂಗಸಿಗೆ ಫೋನ್ ಹಾಕು.’

ಮೂರನೇ ರಿಂಗಿಗೆ ಎತ್ತಿದಳು. ಅವಳ ಹಿಂದೆ
ಹೊಲಿಗೆ ಯಂತ್ರಗಳ ಸದ್ದು, ಒಂದೆರಡಲ್ಲ.
ನಾನು ‘ಅಂತೆ’ ಬಿಟ್ಟು ಮಾತಾಡಿದೆ:
‘ಬನ್ನಿ. ತಪ್ಪಾಯಿತು.’
ಸ್ವಲ್ಪ ಹೊತ್ತು ಯಂತ್ರಗಳೇ ಮಾತಾಡಿದವು.
‘ಆಗ್ಲಿ ಸಾರ್, ಸೋಮವಾರ ಬಂದ್ಬಿಡ್ತೀನಿ’ ಎಂದಳು,
ತಲೆಯೆತ್ತದವರ ದನಿಯಲ್ಲಿ.

ಎರಡು ಪದರ ವೈಟ್ನರಿನ ಮೇಲೆ ಪೆನ್ನು ಓಡುವುದಿಲ್ಲ.
ವನಜಾಕ್ಷಿ ಎರಡು ಕಡೆ ಒಡೆಯಿತು.
ಆ ಸೋಮವಾರ ಕಳೆದು ಇದು ಎರಡನೇ ಗುರುವಾರ.
ಬಾರದವರ ಚೌಕಕ್ಕೆ ಕೆಂಪು ಶಾಯಿಯ ಗೈರು, ಅದು ನಿಯಮ;
ಖಾಲಿ ಬಿಟ್ಟಿದ್ದೇನೆ.
ಪುಟವೆತ್ತಿ ಕಿಟಕಿಗೆ ಹಿಡಿದರೆ
ಮೂರು ಹೆಸರು ಒಂದರೊಳಗೊಂದು ಸಿಕ್ಕಿಕೊಂಡಿವೆ.
ತಳದಲ್ಲಿರುವುದು ದುಂಡಗಿದೆ,
ಅವಳು ನಿಂತು ನೋಡುತ್ತಿದ್ದಾಗ ಬರೆದದ್ದು.