ಸುತ್ತು

ಹನ್ನೊಂದು ವರ್ಷ ಈ ಅಂಗಡಿಗೆ ನಾನು
ಸಂಜೆ ಆರೂವರೆಗೆ ಬಂದು ಹೋಗುತ್ತಿದ್ದೆ.
ಗಲ್ಲೆಯ ಮೇಲೆ ಇಪ್ಪತ್ತರ ನೋಟು ಸಿದ್ಧ ಇರುತ್ತಿತ್ತು,
ಮೇಲೊಂದು ಬೇರಿಂಗು, ಫ್ಯಾನಿನ ಗಾಳಿಗೆ ಹಾರದ ಹಾಗೆ.
ಒಳಗೇನು ನಡೆಯುತ್ತದೆಂದು ಒಮ್ಮೆಯೂ ಇಣುಕಲಿಲ್ಲ.
ರಸೀದಿ ಹರಿದೆ, ಮುಂದಿನ ಅಂಗಡಿ.

ಮಂಡಿಪೇಟೆ, ಚಾಮರಾಜಪೇಟೆ,
ಅಲ್ಲಿಂದ ಹಳೇ ಊರಿನ ಓಣಿಗಳು.
ನೂರಾ ನಲವತ್ತು ಖಾತೆಗೆ ಒಂದು ಸುತ್ತು.

ಆಮೇಲೆ ಒಬ್ಬೊಬ್ಬರೇ ಹೇಳಿದರು, ಬಹಳ ಮೆತ್ತಗೆ,
“ಇನ್ ಬರೋದು ಬ್ಯಾಡ್ರಿ ಬಕ್ಕೇಶಣ್ಣ, ಫೋನಾಗೇ ಕಟ್ತೀವಿ.”
ಯಾರೂ ಜಗಳವಾಡಲಿಲ್ಲ. ಟೀ ಕುಡಿಸಿಯೇ ಕಳಿಸಿದರು.
ಸೊಸೈಟಿಯವರು ಕೊನೆಗೆ ಚೀಲ ವಾಪಸು ಕೇಳಿದರು,
ಜಿಪ್ಪು ಕೆಟ್ಟಿದ್ದಕ್ಕೆ ನೂರು ರೂಪಾಯಿ ಹಿಡಿದುಕೊಂಡರು.

ನಲವತ್ತೇಳಕ್ಕೆ ಮತ್ತೆ ಒಂದನೇ ಇಯತ್ತೆ.
ಮೇಷ್ಟ್ರು ಖಲಂದರ್; ಅವನಿಗೆ ಇಪ್ಪತ್ತಾರು.
ಅವನಪ್ಪ ಖಾತೆ ತೆರೆದ ವರ್ಷ ಇದೇ ಸ್ಟೂಲಿನ ಮೇಲೆ
ಹೈಸ್ಕೂಲಿನ ಚೀಲ ಇಳಿಸದೆ ಕೂತು
ಲೆಕ್ಕದ ಹೋಂವರ್ಕಿಗೆ ನನ್ನ ಕ್ಯಾಲ್ಕುಲೇಟರ್ ಕೇಳುತ್ತಿದ್ದ.
ಅವನು ನನ್ನನ್ನು ಸಾರ್ ಅನ್ನುವುದು ಬಿಟ್ಟಿಲ್ಲ,
ನಾನು ಅವನನ್ನು ಉಸ್ತಾದ್ ಅನ್ನುವುದು ಕಲಿಯುತ್ತಿದ್ದೇನೆ.
“ಸಾರ್, ಆ ಇಕ್ಕಳ ಅಲ್ಲ. ಇದು.”

ಮೊದಲ ತಿಂಗಳು ಬರೀ ಬಿಚ್ಚುವುದು.
ಸುಟ್ಟ ಮೋಟಾರಿಗೆ ಒಂದು ವಾಸನೆ ಇದೆ,
ಹಾಲು ತಳ ಹಿಡಿದಂತೆ, ಆದರೆ ಹಾಲಿನದಲ್ಲ.
ಅಂಗಿಗೆ ಹತ್ತಿಕೊಂಡು ಮನೆತನಕ ಬರುತ್ತದೆ.
ನೀಲಮ್ಮ ಏನೂ ಅನ್ನುವುದಿಲ್ಲ,
ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕುತ್ತಾಳೆ.

ಉಳಿ ಹಾಕಿ ಕತ್ತರಿಸಿ, ಎಳೆದು, ಎಸೆಯುವ ಮುಂಚೆ
ಕರಕಲು ಸುರುಳಿಯ ಎಳೆಗಳನ್ನು ಎಣಿಸಬೇಕು.
ಹಿಂದೆ ಸುತ್ತಿದವನು ಎಷ್ಟು ಸುತ್ತಿದ್ದನೋ ಅಷ್ಟೇ.
ಇದು ನನಗೆ ಗೊತ್ತಿರುವ ಕೆಲಸ.
ಎಣಿಸುತ್ತಾ ಬೆರಳನ್ನು ಸ್ಪಂಜಿಗೆ ಒತ್ತಲು ಹೋದೆ,
ಅಲ್ಲಿ ಸ್ಪಂಜಿಲ್ಲ, ವಾರ್ನಿಷ್ ಡಬ್ಬಿ.
ಖಲಂದರ್ ನಕ್ಕ. ನಾನೂ ನಕ್ಕೆ.
ಅಂಟು ಮೂರು ದಿನ ಹೋಗಲಿಲ್ಲ.

ತಾಮ್ರದ ತಂತಿಗೆ ಕಣ್ಣಿಗೆ ಕಾಣದ ಚರ್ಮವೊಂದಿದೆ.
ಒತ್ತೊತ್ತಾಗಿ ಮಲಗಿಯೂ ಎಳೆ ಎಳೆಯನ್ನು ಮುಟ್ಟುವುದಿಲ್ಲ.
ನಡುವೆ ಉಗುರು ಗೀರಿದರೆ ಇಡೀ ಮೋಟಾರು ಹೋಯಿತು.
ತುದಿಯನ್ನು ಮಾತ್ರ ಬ್ಲೇಡಿನಲ್ಲಿ ಕೆರೆಯಲೇಬೇಕು,
ಕೆರೆಯದ ತುದಿಗೆ ಕರೆಂಟು ಬಾರದು.
ಎಲ್ಲಿ ಕೆರೆಯಬೇಕು, ಎಲ್ಲಿ ಕೂಡದು,
ಇಷ್ಟು ಬೆರಳಿಗೆ ತಿಳಿಯಲು
ಯುಗಾದಿಯಿಂದ ದಸರೆವರೆಗೆ ಹಿಡಿಯಿತು.

ನಾನೇ ಸುತ್ತಿದ ಮೊದಲನೆಯದು
ಮಂಡಕ್ಕಿ ಭಟ್ಟಿಯ ಬ್ಲೋವರಿನದು.
ಕೂರಿಸಿ ಸ್ವಿಚ್ಚು ಒತ್ತಿದೆವು. ತಿರುಗಿತು.
ಉಲ್ಟಾ.
ಒಲೆ ಕೆಮ್ಮಿತು. ಭಟ್ಟಿಯ ಹಾಜಿರಾಬಿ
ಸೊಂಟಕ್ಕೆ ಕೈಯಿಟ್ಟು ಮೋಟಾರನ್ನು ನೋಡಿದರು, ಆಮೇಲೆ ನನ್ನನ್ನು.
ನನ್ನ ಕಿವಿ ಕಾದಷ್ಟು ಅವತ್ತು ಮರಳೂ ಕಾದಿರಲಿಕ್ಕಿಲ್ಲ.
ಖಲಂದರ್ ಬಗ್ಗಿದ, ಟೆಸ್ಟರ್ ನನ್ನ ಕೈಗೇ ಕೊಟ್ಟ.
“ಎರಡು ತುದಿ ಅದಲುಬದಲು ಮಾಡ್ರಿ ಸಾರ್.
ಸುತ್ತು ಸರೀಗೇ ಐತಿ.”

ಅಷ್ಟೇ ಇತ್ತು.
ಬಿಸಿ ಮಂಡಕ್ಕಿಯನ್ನು ಹಾಜಿರಾಬಿ ನನ್ನ ಟವೆಲಿಗೇ ಸುರಿದರು.
ಕರಿ ಕೈಯಲ್ಲಿ ತಿಂದೆ.

ಇವತ್ತು ಆರೂವರೆ. ಬಾಗಿಲ ಬೆಳಕು ಇಳಿದಿದೆ.
ಫರ್ಮಾದ ಮೇಲೆ ಹೊಸ ತಂತಿ ಓಡುತ್ತಿದೆ,
ತೊಂಬತ್ತೆರಡು ಆಗಬೇಕು.
ಆಗೆಲ್ಲ ಎಣಿಕೆ ತಪ್ಪಿದರೆ ಜೇಬಿನಿಂದ ತುಂಬುತ್ತಿದ್ದೆ.
ಇಲ್ಲಿ ಜೇಬು ನಡೆಯದು; ಬಿಚ್ಚು, ಮತ್ತೆ ಒಂದರಿಂದ.
ರಸ್ತೆಯಿಂದ ಯಾರೋ, ಬಳೆ ಅಂಗಡಿ ಶಾಂತವೀರಪ್ಪ ಇರಬೇಕು,
“ಏನ್ರೀ ಪಿಗ್ಮಿಯವ್ರೇ, ಇಲ್ಲೇನ್ ಮಾಡ್ತಿದೀರಿ?”

ಎಂಬತ್ತೇಳು.
ಹೋದ ತಿಂಗಳಾಗಿದ್ದರೆ ತಲೆ ಎತ್ತಿ
ಏನಾದರೊಂದು ಸುಳ್ಳು ಹೇಳುತ್ತಿದ್ದೆ.
ಎಂಬತ್ತೆಂಟು.
ನಿಂತಿರಲಿ.
ಎಂಬತ್ತೊಂಬತ್ತು.