ಬಳಕೆ ಪ್ರಮಾಣಪತ್ರ

ಮಾನ್ಯರೇ,
ನೀವು ಕಳಿಸಿದ ನಮೂನೆಯಲ್ಲಿ ಆರು ಕಲಂ ಇವೆ.
ಮೂರನೆಯದರಲ್ಲಿ ಬೆರಳಗಲ ಜಾಗ ಬಿಟ್ಟಿದ್ದೀರಿ,
'ಫಲಾನುಭವಿಗಳ ಸಂಖ್ಯೆ' ಎಂದು.
ನಲವತ್ತೊಂದು ಎಂದು ಬರೆದು, ಹೊಡೆದು ಹಾಕಿ,
ಹಾಳೆಯ ಬೆನ್ನಿಗೆ ಬಂದಿದ್ದೇನೆ. ಕ್ಷಮಿಸಿ.

ನೆನಪಿರಬಹುದು, ಜೂನ್ ಹನ್ನೆರಡು.
ಸೊರಬ ದಾಟಿ ನಮ್ಮ ಹಿರೇಕಣಸೆ ಪ್ರೌಢಶಾಲೆಗೆ
ಶಿವಮೊಗ್ಗದ ಎರಕದ ಕಾರ್ಖಾನೆಯಿಂದ ಬಿಳಿ ಗಾಡಿ,
ನಾಲ್ವರು ಸಾಹೇಬರು, ಬಾಗಿಲಷ್ಟು ಉದ್ದದ ಚೆಕ್ಕು.
ಹಿಡಿಯಲು ಕೈ ಸಾಲದೆ
ಬಿಸಿಯೂಟದ ಹೂವಮ್ಮನನ್ನೂ ಕರೆದೆವು.
ಫೋಟೋದಲ್ಲಿ ಅವಳ ಬೆರಳು ಮಾತ್ರ ಬಂದಿವೆ,
ಎರಡು ಲಕ್ಷದ ಕೊನೆಯ ಸೊನ್ನೆಯ ಪಕ್ಕ.

ನಿಜದ ಹಣ ಬ್ಯಾಂಕಿಗೆ ಬಂತು. ರಸೀದಿ ಲಗತ್ತಿಸಿದೆ:
ಸೂಕ್ಷ್ಮದರ್ಶಕ ಒಂದು, ಮಣ್ಣು ಪರೀಕ್ಷೆಯ ಪೆಟ್ಟಿಗೆ ಹತ್ತು,
ತಕ್ಕಡಿ ಒಂದು, ಮಳೆಮಾಪಕ ಒಂದು.
(ಮಳೆಮಾಪಕವನ್ನು ಜುಲೈಯಲ್ಲಿ ಮಂಗ ಕಿತ್ತೊಯ್ದಿತು.
ಕಲಂ ಐದು, 'ಹಾನಿಗೆ ಕಾರಣ': ಮಂಗ ಎಂದೇ ಬರೆದಿದ್ದೇನೆ.)

ಸುಳ್ಳು ಚೆಕ್ಕು ಉಳಿಯಿತು. ಥರ್ಮಾಕೋಲು.
ಸೂಜಿ ಚುಚ್ಚಿದರೆ ಕಚ್ಚಿಕೊಳ್ಳುತ್ತದೆ ಎಂದು
ಕಂಡುಹಿಡಿದವನು ಒಂಬತ್ತನೆಯ ತರಗತಿಯ ಇರ್ಫಾನ.
ಈಗ ಸೊನ್ನೆಗೊಂದರಂತೆ ಹುಳ ಕೂತಿವೆ,
ಎಲೆ ಸುರುಳಿ, ಕಣೆ ನೊಣ, ಕಂದು ಜಿಗಿಹುಳು.
ನಿಮ್ಮ ಸಹಿಯ ಮೇಲೆ ಕಾಂಡಕೊರಕದ ಪತಂಗ.
ಅವಮರ್ಯಾದೆ ಎಂದು ತಿಳಿಯಬೇಡಿ,
ಆ ಮೂಲೆಯಲ್ಲಿ ಥರ್ಮಾಕೋಲು ಗಟ್ಟಿಯಿತ್ತು.

ಇನ್ನು ಮಣ್ಣು.
ಬಿಂದುಶ್ರೀ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ
ಮನೆಯ ಗದ್ದೆಯನ್ನು ಇಷ್ಟೇ ಇಷ್ಟು ತಂದಳು.
ಕಲಕಿ, ಸೋಸಿ, ಕಾಗದ ಅದ್ದಿದರೆ
ಮಾಗಿದ ಕಿತ್ತಳೆಯ ಬಣ್ಣ.
"ಹುಳಿ ಮಣ್ಣು ಟೀಚರ್" ಎಂದಳು.
ಪುಸ್ತಕದ 'ಆಮ್ಲೀಯ' ಅವತ್ತು ನಾಲಗೆಗೆ ಸಿಕ್ಕಿತು.

ಮದ್ದು, ಸುಣ್ಣ.
ಅವಳಪ್ಪ ಗಾಮಪ್ಪ ವೀಳ್ಯದೆಲೆಗೆ ಸವರುತ್ತಿದ್ದ ಬೆರಳನ್ನು
ಅಲ್ಲೇ ನಿಲ್ಲಿಸಿ ಕೇಳಿದರಂತೆ:
"ಬಾಯಿಗೆ ಹಾಕ್ಕಳದು, ಗದ್ದಿಗೂ ಹಾಕದಾ?"
"ಅರ್ಧಕ್ಕೆ ಅಪ್ಪಾ. ಇನ್ನರ್ಧ ಹಂಗೇ ಬಿಡದು.
ಇಲ್ದಿದ್ರೆ ಗೊತ್ತಾಗದು ಹೆಂಗೆ?"

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ
ಎಂದು ಯಾರೂ ಅನ್ನಬಾರದೆಂದು
ಮೂವರು ಮಕ್ಕಳಿಗೆ ಅಳೆದು ಬಡಿಸುವ ಮನೆ ಅದು.
ನಾಲ್ಕು ಗುಂಟೆಯ ನಡುವೆ ಬದು ಹಾಕಿ
ಹುಡುಗಿ ಭೇದ ಮಾಡಿದಳು.
ದಾರಿಹೋಕರು ನಿಂತು ಕೇಳುತ್ತಿದ್ದರು,
ಪಾಲಾಯಿತಾ ಗಾಮಪ್ಪ, ಅಣ್ಣತಮ್ಮಂದಿರು ಬೇರೆಯಾದಿರಾ?

ಕೊಯ್ಲಾಯಿತು. ನಿಮ್ಮ ತಕ್ಕಡಿಯಲ್ಲೇ ತೂಗಿದೆವು.
ಸುಣ್ಣದ ಕಣ್ಣಿಗೆ ಒಂಬತ್ತು ಕಿಲೋ ಹೆಚ್ಚು!
ಚಪ್ಪಾಳೆಗೆಂದು ನಾನು ಕೈ ಎತ್ತಿದೆ.
ಅವಳು ತಲೆ ಎತ್ತದೆ ಪಟ್ಟಿಯಲ್ಲಿ ಬರೆದಳು:
'ಸುಣ್ಣ ಹಾಕದ ಕಡೆ ಮೂರು ಇಲಿಬಿಲ ಇದ್ದವು.
ಆದ್ದರಿಂದ ಖಚಿತವಿಲ್ಲ. ಇನ್ನೊಂದು ವರ್ಷ ನೋಡಬೇಕು.'

ಮಾನ್ಯರೇ, ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ.
ನಾನಾಗಿದ್ದರೆ ಆ ಬಿಲಗಳನ್ನು ಬರೆಯುತ್ತಿರಲಿಲ್ಲ.

ಪ್ರಯೋಗಾಲಯದ ಬಾಗಿಲಲ್ಲಿ ನಿಮ್ಮ ಹೆಸರಿನ ಹಿತ್ತಾಳೆ ಫಲಕ ಇದೆ.
ಶುಕ್ರವಾರ ಹುಣಸೆಹಣ್ಣಿನಲ್ಲಿ ಉಜ್ಜುತ್ತೇವೆ
(ಅದೂ ಆಮ್ಲವೇ), ಹೊಳೆಯುತ್ತದೆ.
ಅರ್ಧ ಗದ್ದೆ, ಒಂದು ಇಡೀ ಬೆಳೆ
ಮಗಳ ಅನುಮಾನಕ್ಕೆ ಬಿಟ್ಟುಕೊಟ್ಟವರ ಹೆಸರನ್ನು
ಯಾವ ಕಲಮಿನಲ್ಲಿ ಬರೆಯಲಿ?
ನಮೂನೆಯಲ್ಲಿ 'ದಾನಿ ಸಂಸ್ಥೆ' ಎಂದಷ್ಟೇ ಇದೆ.

ಮೂರನೆಯ ಕಲಂ ಖಾಲಿ ಬಿಟ್ಟಿದ್ದೇನೆ.
ಫಲದ ಮಾತು ಇಲಿಗಳಿಂದಾಗಿ ಮುಂದಕ್ಕೆ ಹೋಗಿದೆ.

ಪಿ.ಎಚ್. ಕಾಗದ ಮುಗಿದಿದೆ, ಎರಡು ಸುರುಳಿ ಕಳಿಸಿ.
ಬರುವುದಾದರೆ ಆ ದೊಡ್ಡ ಚೆಕ್ಕು ಬೇಡ ಎನ್ನಲು ಹೊರಟಿದ್ದೆ.
ತನ್ನಿ.
ಹುಳಗಳಿಗೆ ಜಾಗ ಸಾಲುತ್ತಿಲ್ಲ.